ಸಂಘದ ಆಂಪ್ಲಿಫೈಯರ್ ಗುಜರಿಗಲ್ಲ



ಬರುವ ವಾರ್ಷಿಕ ಮಹಾಸಭೆಯ ಕಾರ್ಯಸೂಚಿ ಈಗಾಗಲೇ ನಿಮ್ಮೆಲ್ಲರ ಕೈಸೇರಿರಬೇಕು. ಅದರ ಆರನೆಯ ವಿಷಯವನ್ನು ದಯವಿಟ್ಟು ಮತ್ತೊಮ್ಮೆ ಓದಿ. ‘ಉಗ್ರಾಣದಲ್ಲಿರುವ ಹಳೆಯ ಧ್ವನಿವರ್ಧಕ ಉಪಕರಣಗಳನ್ನು ವಿಲೇವಾರಿ ಮಾಡಿ, ಆಧುನಿಕ ಸೌಂಡ್ ಸಿಸ್ಟಮ್ ಕೊಳ್ಳುವ ಬಗ್ಗೆ’ ಎಂದಿದೆ. ಒಂದೇ ಸಾಲು. ಅಧ್ಯಕ್ಷರು ಓದುತ್ತಾರೆ, ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ. ಅಷ್ಟು ಹೊತ್ತಿಗೆ ಹಿಂದಿನಿಂದ ಬಿಸಿಬೇಳೆಬಾತಿನ ಘಮ ಬಂದಿರುತ್ತದೆ. ಎಲ್ಲರೂ ಕೈಯೆತ್ತಿ ಊಟಕ್ಕೆ ಏಳುತ್ತೇವೆ. ಈ ಬಾರಿ ನಾವು ಕೈಯೆತ್ತುವುದಿಲ್ಲ. ಏಕೆ ಎಂಬುದನ್ನು ಊಟದ ಮುಂಚಿನ ಐದು ನಿಮಿಷದಲ್ಲಿ ಹೇಳಿ ಮುಗಿಸಲು ಆಗದ್ದರಿಂದ ಈ ಪುಟಗಳನ್ನು ಕೇಳಿ ಪಡೆದಿದ್ದೇವೆ.

ವಿಲೇವಾರಿಯಾಗಲಿರುವ ವಸ್ತು ಯಾವುದು? ಹಳಬರಿಗೆ ಗೊತ್ತು. ಒಂದು ಅಹೂಜಾ ಆಂಪ್ಲಿಫೈಯರ್, ಎರಡು ಉದ್ದನೆಯ ಕಾಲಮ್ ಸ್ಪೀಕರು, ಮೂರು ಮೈಕು. ಸಂಘ ಕಟ್ಟಿದ ಹಿರಿಯರು ಊರಿಂದ ಬರುವಾಗ ಬಟ್ಟೆಬರೆಗಿಂತ ಜೋಪಾನವಾಗಿ ಕಟ್ಟಿ ತಂದದ್ದು ಎಂದು ಕೇಳಿದ್ದೇವೆ. ದೆಹಲಿಯಲ್ಲಿ 1940ರಲ್ಲಿ ಶುರುವಾದ ಈ ಕಂಪನಿಯ ಹೆಸರನ್ನು ನೋಡದೆ ಬೆಳೆದ ಕನ್ನಡಿಗ ಅಪರೂಪ. ಜಾತ್ರೆಯಲ್ಲಿ, ಗಣಪತಿ ಪೆಂಡಾಲಿನಲ್ಲಿ, ಮೇಳದ ಆಟದಲ್ಲಿ, ಚುನಾವಣೆಯ ಜೀಪಿನಲ್ಲಿ ಕೂಗಿದ್ದು ಬಹುಪಾಲು ಇದೇ ಹೆಸರಿನ ಪೆಟ್ಟಿಗೆ. ನಮ್ಮದು ಕರೆಂಟಿನಿಂದಲೂ ಓಡುತ್ತದೆ, ಕಾರಿನ 12 ವೋಲ್ಟ್ ಬ್ಯಾಟರಿಯಿಂದಲೂ ಓಡುತ್ತದೆ. 2007ರ ಜೂನ್‌ನಲ್ಲಿ ಗೋನು ಚಂಡಮಾರುತ ಮಸ್ಕತ್ತನ್ನು ಮುಳುಗಿಸಿ ಕರೆಂಟು ನೀರು ಎರಡೂ ಇಲ್ಲದೆ ಕುಳಿತಿದ್ದಾಗ, ಯಾರ ಮನೆಯಲ್ಲಿ ಕುಡಿಯುವ ನೀರಿದೆ, ಯಾರಿಗೆ ಔಷಧ ಬೇಕು ಎಂದು ಅಂಗಳದಲ್ಲಿ ಸೇರಿದವರಿಗೆ ಕೂಗಿ ಹೇಳಲು ಬಳಸಿದ್ದು ಇದನ್ನೇ. ಸದಸ್ಯರೊಬ್ಬರ ಕಾರಿನ ಬ್ಯಾಟರಿಗೆ ತಂತಿ ಸಿಕ್ಕಿಸಿ ನಿಂತಿದ್ದವರಲ್ಲಿ ನಾವೂ ಒಬ್ಬರು.

ಈಗ ಅದರ ಮೇಲಿನ ಆರೋಪಪಟ್ಟಿ: ಒಂದು, ‘ಗುಂಯ್’ ಎನ್ನುತ್ತದೆ. ಎರಡು, ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುತ್ತದೆ. ಮೂರು, ಭಾರ. ನಾಲ್ಕು, ಹಳೆಯದು. ರೋಗಿಯೊಬ್ಬ ಈ ನಾಲ್ಕು ದೂರು ಹೊತ್ತು ಬಂದರೆ ವೈದ್ಯನಾದವನು ಮೊದಲು ಪರೀಕ್ಷೆ ಮಾಡುತ್ತಾನೆ, ಸ್ಮಶಾನದ ದಾರಿ ತೋರಿಸುವುದಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ಯುವುದು ನಮ್ಮ ಪದ್ಧತಿಯಲ್ಲ. ಆದ್ದರಿಂದ ಕಾರ್ಯಕಾರಿ ಸಮಿತಿಯ ಅನುಮತಿ ಪಡೆದು ಪೆಟ್ಟಿಗೆಯನ್ನು ಮನೆಗೆ ತಂದು, ರೂವಿಯ ಹಿಂದಿನ ಗಲ್ಲಿಯಲ್ಲಿ ಮೂವತ್ತು ವರ್ಷದಿಂದ ರಿಪೇರಿ ಮಾಡುತ್ತಿರುವ ಒಬ್ಬ ಮಲಯಾಳಿ ಮೆಕ್ಯಾನಿಕ್ ಬಳಿ ಒಯ್ದೆವು.

ಆತ ಮುಚ್ಚಳ ತೆಗೆದ. ತೆಗೆಯಲು ಬೇಕಾದದ್ದು ಎಂಟು ಸ್ಕ್ರೂ ಮತ್ತು ಒಂದು ಸಾಮಾನ್ಯ ಸ್ಕ್ರೂಡ್ರೈವರ್. ಒಳಗೆ ಪ್ರತಿ ಭಾಗವೂ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. ‘ಗುಂಯ್’ ಶಬ್ದಕ್ಕೆ ಕಾರಣ ಐದು ನಿಮಿಷದಲ್ಲಿ ತಿಳಿಯಿತು. ಗೋಡೆಯಿಂದ ಬರುವ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಅದನ್ನು ಒಂದೇ ದಿಕ್ಕಿನ ಕರೆಂಟಾಗಿ ಮಾಡಿದ ಮೇಲೂ ಸೆಕೆಂಡಿಗೆ 100 ಅಲೆಗಳು ಉಳಿಯುತ್ತವೆ. ಈ ಅಲೆಗಳನ್ನು ತುಂಬಿಸಿ ಸಮ ಮಾಡುವ ಕೆಲಸ ದೊಡ್ಡ ಕೆಪಾಸಿಟರುಗಳದು. ಊರಿನ ಓವರ್‌ಹೆಡ್ ಟ್ಯಾಂಕ್ ಇದ್ದ ಹಾಗೆ ಅವು. ಪಂಪು ನಿಂತು ನಿಂತು ಓಡಿದರೂ ನಲ್ಲಿಯಲ್ಲಿ ನೀರು ಒಂದೇ ಸಮ ಬರಬೇಕು. ಆ ಕೆಪಾಸಿಟರಿನೊಳಗಿನ ದ್ರವ ವರ್ಷ ಕಳೆದಂತೆ ಒಣಗುತ್ತದೆ, ಟ್ಯಾಂಕು ಕಿರಿದಾಗುತ್ತದೆ, ಅಲೆ ಸ್ಪೀಕರಿಗೆ ಇಳಿಯುತ್ತದೆ. ಅದೇ ‘ಗುಂಯ್’. ಕರಕರ ಶಬ್ದಕ್ಕೆ ಕಾರಣ ವಾಲ್ಯೂಮಿನ ಒಳಗೆ ಕೂತ ಮಸ್ಕತ್ತಿನ ಧೂಳು. ಕೆಪಾಸಿಟರುಗಳನ್ನು ಬದಲಿಸಿ, ವಾಲ್ಯೂಮಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಂದೆರಡು ಬೆಸುಗೆ ಸರಿಮಾಡಿ ಆತ ಕೇಳಿದ್ದು 28 ರಿಯಾಲ್. ಇದನ್ನು ನಾವೇ ಕೊಟ್ಟಿದ್ದೇವೆ, ಸಂಘದ ಲೆಕ್ಕಕ್ಕೆ ಹಾಕಿಲ್ಲ, ಖಜಾಂಚಿಗಳು ಗಾಬರಿಯಾಗಬೇಕಿಲ್ಲ. ಕೊಳ್ಳಲು ಹೊರಟಿರುವ ಹೊಸ ಚಕ್ರದ ಪೆಟ್ಟಿಗೆಗೆ ಬಂದಿರುವ ದರಪಟ್ಟಿ 240 ರಿಯಾಲ್.

ಇನ್ನು ಒಳಗಿದ್ದ ದೊಡ್ಡ ಪವರ್ ಟ್ರಾನ್ಸಿಸ್ಟರುಗಳು 2ಎನ್3055 ಎಂಬ ಜಾತಿಯವು. ಅಮೆರಿಕದ ಆರ್‌ಸಿಎ ಕಂಪನಿ 1960ರ ದಶಕದಲ್ಲಿ ತಂದ ಈ ಭಾಗ ಇಂದಿಗೂ ತಯಾರಾಗುತ್ತಿದೆ, ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಲೆದ ಎಂಜಿನಿಯರಿಂಗ್ ಹುಡುಗರಿಗೆಲ್ಲ ಈ ನಂಬರು ಬಾಯಿಪಾಠ. ಅರವತ್ತು ವರ್ಷದ ನಂತರವೂ ಬಿಡಿಭಾಗ ಸಿಗುವ ಬೇರೆ ಯಾವ ವಸ್ತು ನಿಮ್ಮ ಮನೆಯಲ್ಲಿದೆ, ಯೋಚಿಸಿ ನೋಡಿ. ಎಂಟು ವರ್ಷದ ಹಿಂದೆ ಕೊಂಡ ಫೋನಿನ ಬ್ಯಾಟರಿ ಹುಡುಕಲು ನಾವು ಮೂರು ಅಂಗಡಿ ಹತ್ತಿಳಿದು ಬರಿಗೈಲಿ ಬಂದೆವು.

‘ಸರಿ ಡಾಕ್ಟ್ರೇ, ರಿಪೇರಿ ಆಗಬಹುದು, ಆದರೆ ಧ್ವನಿ? ಹೊಸದರ ಧ್ವನಿ ಹಳೆಯದಕ್ಕೆ ಬರುತ್ತದೆಯೆ?’ ಎಂದು ಸಮಿತಿಯ ಯುವ ಮಿತ್ರರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ, ನ್ಯಾಯವಾಗಿಯೇ ಉತ್ತರಿಸುತ್ತೇವೆ. ಹಳೆಯ ಆಂಪ್ಲಿಫೈಯರಿನಲ್ಲಿ ಏನೋ ಮಾಯೆಯಿದೆ, ಅದರ ಧ್ವನಿಯ ‘ಬೆಚ್ಚನೆ’ ಹೊಸದಕ್ಕೆ ಬರುವುದಿಲ್ಲ ಎಂದು ಹೇಳುವ ಪಂಗಡಕ್ಕೆ ನಾವು ಸೇರಿದವರಲ್ಲ. ಔಷಧ ಗುಣ ಮಾಡಿತೋ, ನಂಬಿಕೆ ಗುಣ ಮಾಡಿತೋ ಎಂದು ತಿಳಿಯಲು ವೈದ್ಯರು ರೋಗಿಗೂ ತಿಳಿಸದೆ, ಕೊಡುವವರಿಗೂ ತಿಳಿಸದೆ ಪರೀಕ್ಷೆ ನಡೆಸುತ್ತಾರೆ. ಆಂಪ್ಲಿಫೈಯರುಗಳ ಮೇಲೂ ಇಂಥ ಪರೀಕ್ಷೆ ನಡೆದಿದೆ. ಇಂಗ್ಲೆಂಡಿನ ಕ್ವಾಡ್ ಕಂಪನಿಯ ಮೂರು ತಲೆಮಾರಿನ ಆಂಪ್ಲಿಫೈಯರುಗಳನ್ನು, ಅಂದರೆ 1953ರ ವಾಲ್ವ್ ಮಾದರಿ, 1967ರ ಟ್ರಾನ್ಸಿಸ್ಟರಿನ 303 ಮತ್ತು 1975ರ 405, ಇವನ್ನು 1978ರಲ್ಲಿ ಪರಿಣತ ಕಿವಿಗಳ ಮುಂದೆ ಹೆಸರು ಹೇಳದೆ ನುಡಿಸಲಾಯಿತು. ಯಾವುದು ಯಾವುದೆಂದು ಗುರುತಿಸಲು ಅವರಿಂದ ಆಗಲಿಲ್ಲ. 1987ರಲ್ಲಿ ಅಮೆರಿಕದ ಸ್ಟೀರಿಯೋ ರಿವ್ಯೂ ಪತ್ರಿಕೆ ಅಗ್ಗದ್ದರಿಂದ ಹಿಡಿದು ವಿಪರೀತ ದುಬಾರಿಯವರೆಗಿನ ಆಂಪ್ಲಿಫೈಯರುಗಳನ್ನು ಹೀಗೇ ಪರೀಕ್ಷಿಸಿದಾಗಲೂ ಫಲಿತಾಂಶ ಅದೇ.

ಇದನ್ನು ಓದಿ ‘ನೋಡಿ, ಹಳೆಯದರಲ್ಲಿ ವಿಶೇಷವಿಲ್ಲ ಎಂದು ನೀವೇ ಒಪ್ಪಿದಿರಿ’ ಎನ್ನಬೇಡಿ. ಅದರ ಅರ್ಥ ತಿರುಗಿಸಿ ನೋಡಿ. ಚೆನ್ನಾಗಿ ಕಟ್ಟಿದ ಆಂಪ್ಲಿಫೈಯರಿನ ದೋಷಗಳು 1970ರ ದಶಕದ ಹೊತ್ತಿಗೇ ಮನುಷ್ಯನ ಕಿವಿಗೆ ಕೇಳಿಸದಷ್ಟು ಕಡಿಮೆಯಾಗಿದ್ದವು. ಆ ಕೆಲಸ ಅಂದೇ ಮುಗಿದಿತ್ತು. ಅಂದಿನಿಂದ ಇಂದಿಗೆ ಮನುಷ್ಯನ ಕಿವಿ ಏನೂ ಬೆಳೆದಿಲ್ಲ. ಹುಟ್ಟಿದಾಗ 20ರಿಂದ 20,000 ಹರ್ಟ್ಸ್ ಕೇಳುವ ಕಿವಿ, ಐವತ್ತು ದಾಟಿದ ನಮ್ಮಂಥವರಲ್ಲಿ ಮೇಲಿನ ಸ್ವರಗಳನ್ನು ಆಗಲೇ ಕಳೆದುಕೊಂಡಿರುತ್ತದೆ. ಹೀಗಿರುವಾಗ ‘ಹೊಸ ತಂತ್ರಜ್ಞಾನ, ಉತ್ತಮ ಧ್ವನಿ’ ಎಂದು ಹೆಚ್ಚಿನ ಹಣ ಕೇಳುವವರು, ಯಾರ ಕಿವಿಗೆ ಉತ್ತಮ ಎಂಬುದನ್ನೂ ಹೇಳಬೇಕು. ಧ್ವನಿಯಲ್ಲಿ ಸಮ, ಬಾಳಿಕೆಯಲ್ಲಿ ಮೇಲು, ರಿಪೇರಿಯಲ್ಲಿ ಸುಲಭ, ಖರ್ಚಿನಲ್ಲಿ ಎಂಟನೆಯ ಒಂದು ಭಾಗ. ಇಷ್ಟು ನಮ್ಮ ವಾದ.

ಇನ್ನು ವ್ಯಾಟಿನ ಮಾತು. ಹೊಸ ಪೆಟ್ಟಿಗೆಯ ಮೇಲೆ ‘2000 ವ್ಯಾಟ್’ ಎಂದು ದಪ್ಪಕ್ಷರದಲ್ಲಿ ಬರೆದಿದೆ, ನಮ್ಮ ಬಡಪಾಯಿ ಅಹೂಜಾದ ಮೇಲೆ ಬರೀ 120. ನಾವು ಹೊಸ ಪೆಟ್ಟಿಗೆಯನ್ನು ತಿರುಗಿಸಿ ಹಿಂದಿನ ಚೀಟಿ ಓದಿದೆವು. ಅದು ಗೋಡೆಯಿಂದ ಎಳೆದುಕೊಳ್ಳುವುದೇ 90 ವ್ಯಾಟ್. ತೊಂಬತ್ತು ರೂಪಾಯಿ ಕೊಟ್ಟರೆ ಎರಡು ಸಾವಿರ ಹಿಂತಿರುಗಿಸುವ ಸಾಹುಕಾರ ಯಾರಾದರೂ ಇದ್ದರೆ ದಯವಿಟ್ಟು ವಿಳಾಸ ಕೊಡಿ, ಸಂಘದ ಕಟ್ಟಡ ನಿಧಿಯನ್ನು ಅವರಲ್ಲೇ ಇಡೋಣ. 1980-90ರ ದಶಕದಲ್ಲಿ ಗಲ್ಫಿನಿಂದ ಊರಿಗೆ ಹೋದ ಟೂ-ಇನ್-ಒನ್‌ಗಳ ಮೇಲೆ ‘ಪಿಎಂಪಿಒ’ ಎಂದು ಬರೆದಿರುತ್ತಿದ್ದದ್ದು ನೆನಪಿರಬಹುದು. ಕ್ಷಣದ ಸಾವಿರದೊಂದು ಪಾಲಿನ ಗುಡುಗನ್ನು ಲೆಕ್ಕ ಹಾಕಿ ಬರೆಯುವ ಆ ವಿದ್ಯೆ ಇನ್ನೂ ಸತ್ತಿಲ್ಲ, ಹೆಸರು ಬದಲಿಸಿಕೊಂಡಿದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಪೊಳ್ಳು ಅಂಕೆಗಳ ಹಾವಳಿ ತಡೆಯಲಾರದೆ 1974ರಲ್ಲೇ ನಿಯಮ ಮಾಡಿತು. ಮನೆಯ ಆಂಪ್ಲಿಫೈಯರು ನಿರಂತರವಾಗಿ ಎಷ್ಟು ಶಕ್ತಿ ಕೊಡುತ್ತದೆ, ಎಷ್ಟು ಓಮ್ ಸ್ಪೀಕರಿಗೆ, ಎಷ್ಟು ವಿಕೃತಿಯೊಂದಿಗೆ ಎಂದು ಹೇಳಲೇಬೇಕಾಯಿತು. ಆ ನಿಯಮವನ್ನು 2024ರಲ್ಲಿ ಮತ್ತೆ ಬಿಗಿ ಮಾಡಬೇಕಾಗಿ ಬಂತು ಎಂದರೆ ವ್ಯಾಪಾರಿಗಳ ಬುದ್ಧಿ ಎಷ್ಟು ಬದಲಾಗಿದೆ ನೋಡಿ.

ಪ್ರಾಮಾಣಿಕ ಅಂಕೆ ಏನು ಮಾಡಬಲ್ಲದು ಎಂಬುದಕ್ಕೆ 1978ರಲ್ಲಿ ಬಂದ ಎನ್‌ಎಡಿ 3020 ಸಾಕ್ಷಿ. ಅದರ ಮೇಲಿದ್ದದ್ದು ಬರೀ 20 ವ್ಯಾಟ್. ಕಡಿಮೆ ಬೆಲೆಯ ಆ ಪುಟ್ಟ ಕಪ್ಪು ಪೆಟ್ಟಿಗೆ ಲಕ್ಷಾಂತರ ಮನೆ ಸೇರಿತು, ಇಂದಿಗೂ ಅನೇಕ ಮನೆಗಳಲ್ಲಿ ಹಾಡುತ್ತಿದೆ. ತುಂಬಿದ ಕೊಡ ತುಳುಕುವುದಿಲ್ಲ. ಇನ್ನೊಂದು ಲೆಕ್ಕವನ್ನೂ ನೆನಪಿಡಿ: ವ್ಯಾಟು ಇಮ್ಮಡಿಯಾದರೆ ಧ್ವನಿ ಇಮ್ಮಡಿಯಾಗುವುದಿಲ್ಲ, ಬರೀ 3 ಡೆಸಿಬಲ್ ಏರುತ್ತದೆ. ಕಿವಿಗೆ ಎರಡು ಪಟ್ಟು ಜೋರೆನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟು ಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುತ್ತೇವೆ. ಕಳೆದ ರಾಜ್ಯೋತ್ಸವದಲ್ಲಿ ಪ್ರಯೋಗಕ್ಕೆಂದು ಇಂಥದೇ ಒಂದು ಚಕ್ರದ ಪೆಟ್ಟಿಗೆ ತರಿಸಲಾಗಿತ್ತು. ಮೊದಲು ಯಕ್ಷಗಾನದ ತುಣುಕು. ಚೆಂಡೆಯ ಪೆಟ್ಟು ಸಿನಿಮಾ ಹಾಡಿನ ಹಾಗಲ್ಲ. ಮೌನದಿಂದ ಒಮ್ಮೆಗೇ ಶಿಖರಕ್ಕೆ ನೆಗೆಯುತ್ತದೆ. ಅದನ್ನು ತಾಳಲು ಆಂಪ್ಲಿಫೈಯರಿಗೆ ನಿಜವಾದ ಶಕ್ತಿಯ ದಾಸ್ತಾನು ಬೇಕು. ಆ ದಾಸ್ತಾನು ಇಲ್ಲದ ಪೆಟ್ಟಿಗೆ ತನ್ನನ್ನು ಕಾಪಾಡಿಕೊಳ್ಳಲು ಎಲ್ಲ ಧ್ವನಿಯನ್ನೂ ತಾನೇ ಅದುಮಿಬಿಡುತ್ತದೆ. ಚೆಂಡೆ ಹೊಡೆದಾಗಲೆಲ್ಲ ಭಾಗವತರ ಹಾಡು ಮುಳುಗುತ್ತಿದ್ದದ್ದನ್ನು ಮುಂದಿನ ಸಾಲಿನವರೂ ಗಮನಿಸಿದ್ದೀರಿ. ಆ ಹೊತ್ತಿಗೆ ಪೆಟ್ಟಿಗೆ ಬಿಸಿಯಾಗಿತ್ತು, ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿದಿತ್ತು.

ಅದರ ನಂತರ, ಹುಬ್ಬಳ್ಳಿ ಕಡೆಯಿಂದ ಮಗನ ಮನೆಗೆ ಬಂದಿದ್ದ ಹಿರಿಯ ತಾಯಿಯೊಬ್ಬರು ತತ್ವಪದ ಹಾಡಲು ವೇದಿಕೆ ಹತ್ತಿದರು. ಎಪ್ಪತ್ತೆಂಟು ವರ್ಷ. ಊರಿನ ಭಜನಾ ಮಂಡಳಿಯಲ್ಲಿ ಐವತ್ತು ವರ್ಷ ಹಾಡಿದವರು. ಎರಡನೆಯ ಸಾಲಿಗೆ ಧ್ವನಿ ಸಣ್ಣಗಾಯಿತು, ಮೂರನೆಯದಕ್ಕೆ ಕಡಿದು ಕಡಿದು ಬಂತು, ಹಿಂದಿನ ಸಾಲಿನ ಮಕ್ಕಳು ಮಾತಿಗೆ ಶುರುವಿಟ್ಟರು. ಅವರು ಅರ್ಧಕ್ಕೇ ನಿಲ್ಲಿಸಿ ಕೈಮುಗಿದು ಇಳಿದುಬಂದರು. ಪಕ್ಕದಲ್ಲಿ ಕುಳಿತ ನಮಗೆ ಅವರು ಹೇಳಿದ್ದು ಇಷ್ಟೇ: ‘ನನ್ನ ದನಿನೇ ಹೋಗೇದ್ರೀ ಡಾಕ್ಟರ್ರ. ವಯಸ್ಸಾತು. ಇನ್ನ ಹಾಡೂದು ಸಾಕು.’ ಅವರ ಧ್ವನಿಗೆ ಏನೂ ಆಗಿರಲಿಲ್ಲ. ಮಾರನೆಯ ವಾರ ಅವರ ಮನೆಯಲ್ಲಿ ಊಟಕ್ಕೆ ಹೋದಾಗ ಅಡುಗೆಮನೆಯಿಂದ ಅದೇ ಪದ ಹಜಾರದವರೆಗೆ ಸ್ಪಷ್ಟವಾಗಿ ಕೇಳಿತು. ಪೆಟ್ಟಿಗೆಯ ತಪ್ಪನ್ನು ಅವರು ತಮ್ಮ ಗಂಟಲಿನ ತಪ್ಪೆಂದು ಹೊತ್ತುಕೊಂಡು ಊರಿಗೆ ಹೋದರು. ನಮಗೆ ಇದು ಚಿಕ್ಕ ವಿಷಯವಾಗಿ ಕಾಣುವುದಿಲ್ಲ. ಹಿರಿಯರು ‘ನನ್ನಿಂದ ಆಗುವುದಿಲ್ಲ’ ಎಂದು ಒಂದು ಸಲ ನಿರ್ಧರಿಸಿದರೆ ಅದನ್ನು ಬಿಡಿಸಲು ಎಷ್ಟು ಕಷ್ಟ ಎಂಬುದನ್ನು ನಾವು ದಿನವೂ ಕ್ಲಿನಿಕ್ಕಿನಲ್ಲಿ ನೋಡುತ್ತೇವೆ.

ಎದುರು ಪಕ್ಷದ ವಾದವನ್ನೂ ಮುಚ್ಚಿಡುವುದಿಲ್ಲ. ‘ಹಳೆಯವೆಲ್ಲ ಗಟ್ಟಿ’ ಎಂಬ ಮಾತಿನಲ್ಲಿ ಒಂದು ಮೋಸವಿದೆ. ಕೆಟ್ಟ ಹಳೆಯವು ಎಂದೋ ಗುಜರಿ ಸೇರಿವೆ. ಬದುಕುಳಿದವನ್ನು ಮಾತ್ರ ನೋಡಿ ‘ಆ ಕಾಲದವರು ಎಷ್ಟು ಗಟ್ಟಿ’ ಎನ್ನುತ್ತೇವೆ. ನೂರು ವರ್ಷ ಬಾಳಿದ ಅಜ್ಜನನ್ನು ನೋಡಿ ಅವರ ಕಾಲದಲ್ಲಿ ಎಲ್ಲರೂ ನೂರು ಬಾಳಿದರು ಎಂದ ಹಾಗೆ. ಒಪ್ಪುತ್ತೇವೆ. ಹೊಸದರಲ್ಲೂ ಒಳ್ಳೆಯವಿವೆ. ಇಂದಿನ ಕ್ಲಾಸ್-ಡಿ ಆಂಪ್ಲಿಫೈಯರು ಎಳೆದುಕೊಂಡ ಕರೆಂಟಿನ ಸುಮಾರು ಶೇ. 90ನ್ನು ಧ್ವನಿಗೆ ಕೊಡುತ್ತದೆ. ನಮ್ಮ ಹಳೆಯದು ಅರ್ಧದಷ್ಟನ್ನು ಬಿಸಿಯಾಗಿ ಕಳೆಯುತ್ತದೆ. ಆ ತಂತ್ರದ ಮೇಲೆ ನಮಗೆ ಜಗಳವಿಲ್ಲ. ಜಗಳವಿರುವುದು ಅಂಟು ಹಾಕಿ ಮುಚ್ಚಿದ, ಒಳಗಿನ ನಕ್ಷೆ ಯಾರಿಗೂ ಕೊಡದ, ಬ್ಯಾಟರಿ ಸತ್ತ ದಿನ ತಾನೂ ಸಾಯುವ ಪೆಟ್ಟಿಗೆಯ ಮೇಲೆ. ಲಿಥಿಯಂ ಬ್ಯಾಟರಿಗೆ ಬಿಸಿಲು ವೈರಿ. 2018ರ ಜೂನ್ 26ರಂದು ನಮ್ಮ ಪಕ್ಕದ ಖುರಿಯಾತ್‌ನಲ್ಲಿ ಇಡೀ ದಿನದ ಕನಿಷ್ಠ ತಾಪಮಾನವೇ 42.6 ಡಿಗ್ರಿ ಇತ್ತು ಎಂಬುದನ್ನು ಮರೆಯಬೇಡಿ. ಇಂಥ ಊರಿನಲ್ಲಿ ಕಾರಿನ ಡಿಕ್ಕಿಯಲ್ಲಿಟ್ಟು ಸಾಗಿಸುವ ಬ್ಯಾಟರಿ ಪೆಟ್ಟಿಗೆ ಎಷ್ಟು ಬೇಸಿಗೆ ಬಾಳೀತು?

ಬಿಸಿಲು ಹಳೆಯದಕ್ಕೂ ವೈರಿಯೇ. ತಾಪ 10 ಡಿಗ್ರಿ ಏರಿದರೆ ಕೆಪಾಸಿಟರಿನ ಆಯುಸ್ಸು ಸುಮಾರು ಅರ್ಧವಾಗುತ್ತದೆ, 10 ಡಿಗ್ರಿ ಇಳಿದರೆ ಇಮ್ಮಡಿಯಾಗುತ್ತದೆ. 85 ಡಿಗ್ರಿಯಲ್ಲಿ 2000 ಗಂಟೆ ಎಂದು ಬರೆದ ಕೆಪಾಸಿಟರು 45 ಡಿಗ್ರಿಯಲ್ಲಿ 32,000 ಗಂಟೆ ಬಾಳುವ ಲೆಕ್ಕ. ನಮ್ಮ ಸಂಘ ಅದನ್ನು ವರ್ಷಕ್ಕೆ ನೂರು ಗಂಟೆಯೂ ಓಡಿಸುವುದಿಲ್ಲ. ಅದನ್ನು ಕೆಡಿಸಿದ್ದು ದುಡಿಮೆಯಲ್ಲ. ಏಸಿ ಇಲ್ಲದ ಉಗ್ರಾಣದಲ್ಲಿ, ಧೂಳು ಬಟ್ಟೆಯೂ ಹೊದಿಸದೆ, ವರ್ಷಗಟ್ಟಲೆ ಬಿಟ್ಟ ನಮ್ಮ ಅಲಕ್ಷ್ಯ.

ಇದು ಸಂಘದ ಮಾತಷ್ಟೇ ಅಲ್ಲ, ನಿಮ್ಮ ಮನೆಯ ಮಾತೂ ಹೌದು. ನಮ್ಮಲ್ಲಿ ಅನೇಕರ ಮನೆಯಲ್ಲಿ ಒಂದು ಸಾನ್ಸುಯಿಯೋ ಪಯೋನಿಯರೋ ಮಾರಾಂಟ್ಜೋ ಟಿ.ವಿ. ಕೆಳಗಿನ ಕಪಾಟಿನಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿದೆ. ನಿತ್ಯೋತ್ಸವದ ಕ್ಯಾಸೆಟ್ಟನ್ನು, ಅಶ್ವತ್ಥರ ಶರೀಫ ಗೀತೆಗಳನ್ನು ಸವೆಯುವವರೆಗೆ ಕೇಳಿದ್ದು ಅದರಲ್ಲೇ. ಸಾನ್ಸುಯಿ ಶುರುವಾದದ್ದೇ ಟ್ರಾನ್ಸ್‌ಫಾರ್ಮರ್ ತಯಾರಿಸುವ ಕಂಪನಿಯಾಗಿ. ಎತ್ತಿದರೆ ಸೊಂಟ ಹಿಡಿಯುವ ಭಾರ ಅದರ ಟ್ರಾನ್ಸ್‌ಫಾರ್ಮರಿನದು. ಆ ಮೂಲ ಜಪಾನೀ ಕಂಪನಿ ಇಂದು ಇಲ್ಲ, ಅದು ಕಟ್ಟಿದ ಪೆಟ್ಟಿಗೆಗಳು ಇವೆ. ಕಾಯಂ ಊರಿಗೆ ಹೊರಡುವಾಗ ಅದನ್ನು ಕಸದ ತೊಟ್ಟಿಯ ಪಕ್ಕ ಇಟ್ಟು ಹೋಗಬೇಡಿ. 2022ರ ಒಂದೇ ವರ್ಷದಲ್ಲಿ ಜಗತ್ತು 6.2 ಕೋಟಿ ಟನ್ ಎಲೆಕ್ಟ್ರಾನಿಕ್ ಕಸ ಮಾಡಿತು, ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಹೋದದ್ದು ದಾಖಲಾಗಿರುವುದು ಶೇ. 22.3 ಮಾತ್ರ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ.

ವೈದ್ಯನಾಗಿ ಒಂದು ಎಚ್ಚರಿಕೆ ಹೇಳದೆ ಮುಗಿಸಲಾರೆವು. ವರ್ಷಗಟ್ಟಲೆ ಸುಮ್ಮನಿದ್ದ ಆಂಪ್ಲಿಫೈಯರನ್ನು ಈ ಲೇಖನ ಓದಿದ ಹುರುಪಿನಲ್ಲಿ ನೇರವಾಗಿ ಗೋಡೆಗೆ ಸಿಕ್ಕಿಸಬೇಡಿ. ಮೊದಲು ಹಿಂಬದಿಯ ವೋಲ್ಟೇಜ್ ಸ್ವಿಚ್ ನೋಡಿ. ಜಪಾನ್‌ನಿಂದ ಬಂದದ್ದು 100ಕ್ಕೆ, ಅಮೆರಿಕದ್ದು 120ಕ್ಕೆ ಇರಬಹುದು, ಇಲ್ಲಿನ 240ಕ್ಕೆ ಸುಟ್ಟುಹೋಗುತ್ತದೆ. ಮೆಕ್ಯಾನಿಕ್ ಬಳಿ ಸಾಲಿನಲ್ಲಿ ಬಲ್ಬ್ ಹಾಕಿ ನಿಧಾನವಾಗಿ ಎಬ್ಬಿಸಲಿ. ಮುಚ್ಚಳ ನೀವೇ ತೆಗೆಯಬೇಡಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರುಗಳು ಶಾಕ್ ಕೊಡುವಷ್ಟು ಕರೆಂಟು ಹಿಡಿದಿಟ್ಟುಕೊಂಡಿರುತ್ತವೆ. ಹಳೆಯ ಕಂಪನಿಯವರು ಸರ್ಕ್ಯೂಟಿನ ನಕ್ಷೆಯನ್ನು ಮುದ್ರಿಸಿ ಕೊಡುತ್ತಿದ್ದರು. ನಿಮ್ಮಲ್ಲಿ ಅದಿದ್ದರೆ ಜೊತೆಗೆ ಒಯ್ಯಿರಿ, ಅರ್ಧ ಕೆಲಸ ಆದಂತೆ.

ಮಹಾಸಭೆಯ ಮುಂದೆ ನಮ್ಮ ಬೇಡಿಕೆ ಮೂರು. ಒಂದು, ಆರನೆಯ ವಿಷಯದಿಂದ ‘ವಿಲೇವಾರಿ’ ಎಂಬ ಪದ ತೆಗೆದು ‘ದುರಸ್ತಿ ಮತ್ತು ಪಾಲನೆ’ ಎಂದು ಬರೆಯಿರಿ. ಎರಡು, ಪೆಟ್ಟಿಗೆಯನ್ನು ಉಗ್ರಾಣದಿಂದ ಏಸಿ ಇರುವ ಜಾಗಕ್ಕೆ ತನ್ನಿ. ಜಾಗವಿಲ್ಲದಿದ್ದರೆ ನಮ್ಮ ಮನೆಯ ಹಜಾರವಿದೆ. ಮೂರು, ನಮ್ಮ ಹೈಸ್ಕೂಲು ಮಕ್ಕಳಲ್ಲಿ ಇಬ್ಬರಿಗೆ ಅದನ್ನು ಜೋಡಿಸಿ ನಡೆಸುವುದನ್ನು ಕಲಿಸೋಣ. ಮೈಕಿಗೂ ಹಾಡುವವರಿಗೂ ಎಷ್ಟು ದೂರವಿರಬೇಕು, ಸ್ಪೀಕರಿನ ಮುಂದೆ ಮೈಕು ಹಿಡಿದರೆ ಏಕೆ ಕೂಗುತ್ತದೆ ಎಂದು ತಿಳಿದ ಹುಡುಗನೊಬ್ಬ ಇದ್ದರೆ ಯಾವ ಪೆಟ್ಟಿಗೆಯಾದರೂ ಅರ್ಧ ಚೆನ್ನಾಗಿ ನುಡಿಯುತ್ತದೆ.

ಮಾತಿನಲ್ಲಿ ನಂಬಿಕೆಯಿಲ್ಲದವರಿಗೆ ಪರೀಕ್ಷೆಯ ಆಹ್ವಾನ. ಮಹಾಸಭೆಯ ದಿನ ಪರದೆಯ ಹಿಂದೆ ಎರಡನ್ನೂ ಇಡೋಣ, ದುರಸ್ತಿಯಾದ ಅಹೂಜಾ ಮತ್ತು ಹೊಸ ಪೆಟ್ಟಿಗೆ. ಎರಡರ ಧ್ವನಿಯ ಮಟ್ಟವನ್ನು ಮೀಟರಿನಲ್ಲಿ ಸಮ ಮಾಡೋಣ, ಏಕೆಂದರೆ ತುಸು ಜೋರಾದದ್ದೇ ಉತ್ತಮವೆಂದು ಕಿವಿ ಮೋಸಹೋಗುತ್ತದೆ. ಒಬ್ಬರು ಹಾಡಲಿ, ಒಬ್ಬರು ಚೆಂಡೆ ಬಾರಿಸಲಿ. ಯಾವುದು ಯಾವುದೆಂದು ಹೇಳದೆ ನೀವು ಚೀಟಿಯಲ್ಲಿ ಮತ ಹಾಕಿ. ಹೊಸ ಪೆಟ್ಟಿಗೆ ಗೆದ್ದರೆ ಅದರ ಬೆಲೆಗೆ 50 ರಿಯಾಲ್ ನಮ್ಮ ಕಡೆಯಿಂದ, ಅಲ್ಲಿಯೇ, ಖಜಾಂಚಿಗಳ ಕೈಗೆ.

ಹಳೆಯದು ಗೆದ್ದರೆ ನಮಗೆ ಏನೂ ಬೇಡ. ಆ ಹುಬ್ಬಳ್ಳಿಯ ತಾಯಿ ಈ ಚಳಿಗಾಲಕ್ಕೆ ಮತ್ತೆ ಬರುತ್ತಾರೆಂದು ಅವರ ಮಗ ಹೇಳಿದ್ದಾರೆ. ಹಾಡಲು ಒಪ್ಪಿಸುವ ಹೊಣೆ ನಮ್ಮದು. ಅವರು ವೇದಿಕೆ ಹತ್ತುವ ದಿನ ಅಹೂಜಾ ಅಲ್ಲಿರಬೇಕು, ಅಷ್ಟು ಮಾಡಿಕೊಡಿ.

ನಿಮ್ಮವ,
ಸಂಘದ ಒಬ್ಬ ವೈದ್ಯ ಸದಸ್ಯ